ಬಾಟಲಿಯನ್ನು ಮತ್ತೆ ತುಂಬುವ ಮುನ್ನ



ಮುನವಳ್ಳಿ ಮಲಪ್ರಭೆಯ ದಂಡೆಯ ಊರು. ಹತ್ತಿರದ ನವಿಲುತೀರ್ಥದಲ್ಲಿ ಆ ನದಿಗೆ ಅಣೆಕಟ್ಟಿದೆ. ಹೊಳೆ ಪಕ್ಕದಲ್ಲೇ ಇದ್ದರೂ ಇಲ್ಲಿ ಶಾಲೆಗೆ ಹೊರಟ ಮಕ್ಕಳ ಚೀಲದಲ್ಲಿ ಅಂಗಡಿಯಿಂದ ಎಂದೋ ಕೊಂಡ ನೀರಿನ ಬಾಟಲಿ ಇರುತ್ತದೆ. ಬನದ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರ ಕೈಯಲ್ಲೂ ಅದೇ. ಖಾಲಿಯಾದಂತೆಲ್ಲ ನಲ್ಲಿಗೆ ಹಿಡಿದು ತುಂಬುತ್ತೇವೆ. ಇದರಿಂದ ಅಪಾಯವುಂಟೆ?

ಬಾಟಲಿಯ ತಳವನ್ನು ನೋಡಿ. ತ್ರಿಕೋನದೊಳಗೆ 1 ಎಂಬ ಅಂಕಿ ಇರುತ್ತದೆ. ಅದು ಪಾಲಿಎಥಿಲೀನ್ ಟೆರೆಫ್ತಾಲೇಟ್, ಅಂದರೆ ‘ಪೆಟ್’ ಎಂಬ ಪ್ಲಾಸ್ಟಿಕ್ಕಿನ ಗುರುತು. ಇದನ್ನು ತಯಾರಿಸುವಾಗ ಸಾಮಾನ್ಯವಾಗಿ ಆಂಟಿಮನಿಯ ಸಂಯುಕ್ತವನ್ನು ಕ್ರಿಯಾವರ್ಧಕವಾಗಿ ಬಳಸುತ್ತಾರೆ. ಅದರ ಅತ್ಯಲ್ಪ ಅಂಶ ನೀರಿಗಿಳಿಯಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 20 ಮೈಕ್ರೋಗ್ರಾಂ ಆಂಟಿಮನಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ. ನೆರಳಿನಲ್ಲಿಟ್ಟ ಬಾಟಲಿಯ ನೀರು ಈ ಮಿತಿಗಿಂತ ಬಹಳ ಕೆಳಗಿರುತ್ತದೆ. ಆದರೆ ಶಾಖ ಏರಿದಂತೆ, ದಿನಗಳು ಕಳೆದಂತೆ ಈ ಪ್ರಮಾಣವೂ ಏರುತ್ತದೆ. ಆದ್ದರಿಂದ ಬಾಟಲಿಯನ್ನು ಬಿಸಿಲಿನಲ್ಲಿ ಬಿಡಬೇಡಿ. ಕುದಿಸಿದ ನೀರನ್ನು ಆರಿಸದೆ ತುಂಬಬೇಡಿ. ಚಿತ್ರೀಕರಣಕ್ಕೆ ಊರೂರು ತಿರುಗುವಾಗ ಜೀಪಿನ ಗಾಜಿನ ಹಿಂದೆ ಬಾಟಲಿಯಿಟ್ಟು ಆ ಬಿಸಿ ನೀರನ್ನೇ ಕುಡಿದವನು ನಾನು. ವಿಜ್ಞಾನ ಓದಿದವನೂ ಮರೆಯುತ್ತಾನೆ!

ಆದರೂ ನಿತ್ಯದ ಅಪಾಯ ಪ್ಲಾಸ್ಟಿಕ್ಕಿಗಿಂತ ಹೆಚ್ಚಾಗಿ ಕೊಳೆಯಿಂದ. ನಾಲ್ಕಾರು ದಿನ ತೊಳೆಯದೆ ತುಂಬಿದ ಬಾಟಲಿಯ ಬಾಯಿಯೊಳಗೆ ಬೆರಳಾಡಿಸಿ ನೋಡಿ, ಜಾರಿದಂತಾಗುತ್ತದೆ. ಅದು ಸೂಕ್ಷ್ಮಜೀವಿಗಳು ಕಟ್ಟಿಕೊಂಡ ಪೊರೆ. ಬಾಯಿಯಿಂದ, ಕೈಯಿಂದ ಬಂದ ಜೀವಿಗಳು ತೇವದಲ್ಲಿ ಬೆಳೆಯುತ್ತವೆ. ಕಿರಿದಾದ ಕೊರಳಿನೊಳಗೆ ಕೈ ಹೋಗುವುದಿಲ್ಲ. ಬರಿದೆ ಕುಲುಕಿದರೆ ಪೊರೆ ಬಿಡುವುದಿಲ್ಲ. ಗೀರುಗಳಲ್ಲಿ ಕೊಳೆ ನಿಲ್ಲುತ್ತದೆ. ಒಂದೇ ಬಾಟಲಿಗೆ ಗೆಳೆಯರೆಲ್ಲ ಬಾಯಿ ಹಚ್ಚಿದರೆ ಒಬ್ಬರ ಸೋಂಕು ಎಲ್ಲರಿಗೆ. ಇನ್ನು ತುಂಬಿದ ನೀರೇ ಅಶುದ್ಧವಾಗಿದ್ದರೆ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳ ಭಯ ಇದ್ದೇ ಇದೆ.

ನಮ್ಮ ಹಿರಿಯರು ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಿದ್ದರು. ಅಗಲ ಬಾಯಿಯ ಆ ತಂಬಿಗೆಯನ್ನು ದಿನವೂ ತಿಕ್ಕಿ ತೊಳೆಯುತ್ತಿದ್ದರು. ಎರಡೂ ಒಳ್ಳೆಯ ಪಾಠಗಳೇ. ನೀವೂ ಅಗಲ ಬಾಯಿಯ ಸ್ಟೀಲ್ ಬಾಟಲಿ ಕೊಳ್ಳಿ. ದಿನವೂ ಸೋಪು ಹಚ್ಚಿ ತಿಕ್ಕಿ, ಮುಚ್ಚಳವನ್ನೂ ತೊಳೆದು, ಬೋರಲು ಹಾಕಿ ಒಣಗಿಸಿ. ಕುದಿಸಿ ಆರಿಸಿದ ನೀರು ತುಂಬಿ. ಸ್ಟೀಲ್ ಬಾಟಲಿ ಕೊಳ್ಳಲು ಕೈಯಲ್ಲಿ ಹಣವಿಲ್ಲದಿದ್ದರೆ ಇರುವ ಬಾಟಲಿಯನ್ನೇ ದಿನವೂ ತೊಳೆದು, ನೆರಳಲ್ಲಿಟ್ಟು, ಎತ್ತಿ ಕುಡಿಯಿರಿ. ಗೀರು ಬಿದ್ದೊಡನೆ ಬಿಟ್ಟುಬಿಡಿ. ಎಸೆಯುವ ಮುನ್ನ ಜಜ್ಜಿರಿ. ಇಲ್ಲವಾದರೆ ಅದನ್ನೇ ಯಾರಾದರೂ ತುಂಬಿ, ಹೊಸದೆಂದು ನಿಮಗೇ ಮಾರಿಯಾರು.

ಇಂದು ಸಂಜೆ ಮನೆಗೆ ಹೋದೊಡನೆ ನಿಮ್ಮ ಬಾಟಲಿಯೊಳಗೆ ಒಮ್ಮೆ ಬೆರಳಾಡಿಸಿ ನೋಡುವಿರಲ್ಲವೆ?