ಶಾಖವೂ ಊರ ಕೆರೆಯ ನೀರು



ದತ್ತಿಗೂ ಕೆರೆಗೂ ಕನ್ನಡ ನಾಡಿನಲ್ಲಿ ಹಳೆಯ ನಂಟು. ಊರ ಕೆರೆಗೆಂದು ಬಿಟ್ಟ ದತ್ತಿಗಳು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ. ಕೆರೆ ಕಟ್ಟಿದವರಿಗೆ, ಒಡೆದ ಏರಿ ಸರಿಪಡಿಸಿದವರಿಗೆ ಕೊಟ್ಟ ಭೂಮಿಗೆ ಕಟ್ಟುಕೊಡಗೆ ಎಂದು ಹೆಸರು. ಕೆರೆಯನ್ನು ವರ್ಷವರ್ಷವೂ ನೋಡಿಕೊಳ್ಳಲು ಮೀಸಲಿಟ್ಟದ್ದು ಬಿತ್ತುವಟ್ಟ. ಹೂಳೆತ್ತುವುದಕ್ಕೆ, ತೂಬು ಕಾಯುವುದಕ್ಕೆ, ನೀರು ಹಂಚುವ ನೀರುಗಂಟಿಯ ಪಾಲಿಗೆ ಊರು ಮೊದಲೇ ಏರ್ಪಾಡು ಮಾಡಿಕೊಳ್ಳುತ್ತಿತ್ತು. ಮಳೆ ಎಲ್ಲರ ಹೊಲಕ್ಕೂ ಬೀಳುತ್ತದೆ. ಆದರೆ ಅದನ್ನು ಹಿಡಿದಿಟ್ಟು ಬೇಸಗೆಗೆ ಕೊಡುವ ಕೆಲಸ ಒಬ್ಬೊಬ್ಬರಿಂದ ಆಗುವಂಥದ್ದಲ್ಲ ಎಂಬುದು ಆ ಹಿರಿಯರಿಗೆ ತಿಳಿದಿತ್ತು. ಕೆನಡಾದ ಈ ಚಳಿನಾಡಿನಲ್ಲಿ ಶಾಖದ ವಿಷಯವೂ ಹಾಗೆಯೇ ಎಂಬುದು ನನ್ನ ವಾದ. ಕಟ್ಟಡಗಳನ್ನು ಅನಿಲದ ಬೆಂಕಿಯಿಂದ ಬಿಡಿಸಿ ವಿದ್ಯುತ್ತಿಗೆ ತರಬೇಕಾದರೆ ಶಾಖವನ್ನು ಊರಿನ ಸಾಮಾನ್ಯ ಸೊತ್ತು ಎಂದು ಕಾಣಬೇಕು, ಅದಕ್ಕೆ ಕಾಲುವೆ ತೋಡಬೇಕು, ಆ ಕಾಲುವೆಯನ್ನು ಕಾಯಲು ಒಂದು ಬಿತ್ತುವಟ್ಟವನ್ನೂ ಇಡಬೇಕು. ವಾನ್ ನಗರಕ್ಕೆ ಇದನ್ನು ಮಾಡಲು ಈಗಲೇ ಕಾಲ.

ಟೊರಾಂಟೊದ ಉತ್ತರ ಗಡಿಗೆ ಅಂಟಿಕೊಂಡಿರುವ ವಾನ್‌ನ ಜನಸಂಖ್ಯೆ 2021ರ ಗಣತಿಯಂತೆ 3,23,103. ಬಹುಕಾಲ ಇದು ಒಂಟಿಮನೆಗಳ, ಗೋದಾಮುಗಳ, ಹೆದ್ದಾರಿಗಳ ಊರು. 2017ರ ಡಿಸೆಂಬರ್ 17ರಂದು ಸುರಂಗ ರೈಲು ಹೈವೇ 7 ಮತ್ತು ಜೇನ್ ಸ್ಟ್ರೀಟ್ ಕೂಡುವ ಕಡೆ ಬಂದು ನಿಂತ ಮೇಲೆ ಆ ಚಹರೆ ಬದಲಾಯಿತು. ವಾನ್ ಮೆಟ್ರೊಪಾಲಿಟನ್ ಸೆಂಟರ್ ಎಂಬ ಹೆಸರಿನಲ್ಲಿ ಅಲ್ಲೊಂದು ಹೊಸ ಪೇಟೆಯೇ ಎದ್ದಿದೆ. ಐವತ್ತು ಅಂತಸ್ತು ಮೀರಿದ ಗೋಪುರಗಳು ಅಕ್ಕಪಕ್ಕ ನಿಂತಿವೆ. ಇಂಥ ಕಟ್ಟಡಗಳ ಹೊರೆ ಎಷ್ಟೆಂಬುದಕ್ಕೆ ನೆರೆಯ ಟೊರಾಂಟೊ ನಗರದ ಲೆಕ್ಕ ನೋಡಿ: ಅಲ್ಲಿನ ಹಸಿರುಮನೆ ಅನಿಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಟ್ಟಡಗಳದ್ದು. ಅದರಲ್ಲೂ ಬಹುಪಾಲು ಕೋಣೆ ಮತ್ತು ನೀರು ಕಾಯಿಸಲು ಸುಡುವ ನೈಸರ್ಗಿಕ ಅನಿಲದ್ದು. ವಾಹನದ ಹೊಗೆ ಕಣ್ಣಿಗೆ ಬೀಳುತ್ತದೆ, ಬಾಯ್ಲರಿನ ಹೊಗೆ ಚಾವಣಿಯ ಮೇಲೆ ಬಿಳಿ ಆವಿಯಾಗಿ ಕರಗಿಹೋಗುತ್ತದೆ. ಈ ವರ್ಷ ಕೂರಿಸಿದ ಬಾಯ್ಲರು ಇಪ್ಪತ್ತು, ಇಪ್ಪತ್ತೈದು ವರ್ಷ ಉರಿಯುತ್ತದೆ. ಕೆನಡಾ 2021ರ ಕಾಯಿದೆಯಲ್ಲಿ ನಿವ್ವಳ ಶೂನ್ಯಕ್ಕೆ ಗೊತ್ತುಮಾಡಿಕೊಂಡ 2050ರ ಗಡುವಿನ ಹೊಸ್ತಿಲವರೆಗೂ ಅದು ಉರಿಯುತ್ತಲೇ ಇರುತ್ತದೆ.

ಬೆಂಕಿಗೆ ಬದಲಾಗಿ ಏನು ಎಂಬುದಕ್ಕೆ ಉತ್ತರ ಪ್ರತಿಯೊಂದು ಅಡುಗೆಮನೆಯಲ್ಲೂ ಇದೆ. ಫ್ರಿಜ್ಜು ತನ್ನೊಳಗಿನ ಶಾಖವನ್ನು ಹೊತ್ತು ಹಿಂಬದಿಗೆ ತಂದು ಬಿಡುತ್ತದೆ. ಹಿಂದೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಹೀಟ್ ಪಂಪ್ ಮಾಡುವುದೂ ಇದನ್ನೇ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಒಂದೆಡೆಯಿಂದ ಇನ್ನೊಂದೆಡೆಗೆ ಹೊರುತ್ತದೆ. ಹಾಗಾಗಿ ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ. ಒಂದು ಘನ ಮೀಟರ್ ಅನಿಲ ಉರಿದರೆ ಸುಮಾರು 1.9 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಒಳ್ಳೆಯ ಬಾಯ್ಲರಿನಿಂದ ಸಿಗುವುದು ಹತ್ತು ಯೂನಿಟ್ಟಿನಷ್ಟು ಶಾಖ. ಅಂದರೆ ಯೂನಿಟ್ಟಿಗೆ 190 ಗ್ರಾಂ. ವಾನ್ ಇರುವ ಒಂಟಾರಿಯೊ ಪ್ರಾಂತ್ಯ 2014ರಲ್ಲಿ ಕಲ್ಲಿದ್ದಲಿನ ವಿದ್ಯುತ್ತನ್ನು ಪೂರ್ತಿ ಕೈಬಿಟ್ಟಿತು. ಇಂದು ಇಲ್ಲಿನ ವಿದ್ಯುತ್ತಿನ ಬಹುಭಾಗ ಪರಮಾಣು ಸ್ಥಾವರಗಳದ್ದು ಮತ್ತು ಜಲಪಾತಗಳದ್ದು. ವರ್ಷದ ಸರಾಸರಿಯಲ್ಲಿ ಯೂನಿಟ್ಟಿಗೆ 100 ಗ್ರಾಂಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್. ಅದನ್ನು ಮೂರರಿಂದ ಭಾಗಿಸಿದರೆ ಶಾಖದ ಪಾಲಿಗೆ ಬರುವುದು ಮೂವತ್ತು ಗ್ರಾಂ ಆಸುಪಾಸು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಚಳಿಗಾಲದ ಸಂಜೆ ಹೆಚ್ಚುವರಿ ಬೇಡಿಕೆ ಎದ್ದಾಗ ಅದನ್ನು ಪೂರೈಸುವುದು ಅನಿಲದಿಂದಲೇ ನಡೆಯುವ ವಿದ್ಯುತ್ ಸ್ಥಾವರ. ಸರಾಸರಿ ಲೆಕ್ಕ ತೋರಿಸಿ ಸಮಾಧಾನಪಟ್ಟುಕೊಳ್ಳುವುದು ಸರಿಯೆ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು, ಅದನ್ನು ಅದರ ನೆಲೆಯಲ್ಲೇ ಎದುರಿಸೋಣ. ಬಂದ ವಿದ್ಯುತ್ತೆಲ್ಲ ಅನಿಲದ್ದೇ ಎಂದು ಒಪ್ಪಿಕೊಂಡರೂ, ಒಳ್ಳೆಯ ಅನಿಲ ಸ್ಥಾವರದಲ್ಲಿ ಯೂನಿಟ್ಟಿಗೆ ಸುಮಾರು 400 ಗ್ರಾಂ. ಮೂರರಿಂದ ಭಾಗಿಸಿದರೆ 133. ಬಾಯ್ಲರಿನ 190ಕ್ಕಿಂತ ಅದು ಕಡಿಮೆಯೇ. ಆದರೆ ಈ ಲೆಕ್ಕ ನಿಂತಿರುವುದು ಮೂರು ಎಂಬ ಒಂದೇ ಸಂಖ್ಯೆಯ ಮೇಲೆ. ಹೊರಗೆ ಮೈನಸ್ 20 ಇರುವಾಗ ಆ ಗಾಳಿಯಿಂದ ಶಾಖ ಹಿಂಡುವ ಯಂತ್ರಕ್ಕೆ ಮೂರು ಸಿಗುವುದಿಲ್ಲ. ಎರಡಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಇಡೀ ಊರಿಗೆ ಶಾಖ ಬೇಕಾಗುವುದೂ ಅದೇ ರಾತ್ರಿ. ಪ್ರತಿ ಗೋಪುರವೂ ತನ್ನ ಚಾವಣಿಯ ಮೇಲೆ ತನ್ನದೇ ಯಂತ್ರ ಕೂರಿಸಿಕೊಂಡು ಅದೇ ಗಾಳಿಗೆ ಬಾಯಿ ತೆರೆದು ನಿಂತರೆ ಊರಿನ ವಿದ್ಯುತ್ ತಂತಿಗಳಿಗೆ ಆ ಒಂದು ರಾತ್ರಿಯ ಭಾರವೇ ಹೊರಲಾರದಷ್ಟಾಗುತ್ತದೆ. ಹಂಚಿಕೊಳ್ಳುವ ಮಾತು ಬರುವುದು ಇಲ್ಲಿ.

ಗಾಳಿಗಿಂತ ಬೆಚ್ಚನೆಯ ಮೂಲಗಳು ಊರಿನೊಳಗೇ ಇವೆ. ಒಂದು ಕಟ್ಟಡದ ಕೈಗೆ ಎಟುಕುವುದಿಲ್ಲ, ಅಷ್ಟೆ. ಒಂದು ಬಚ್ಚಲುಮನೆಯನ್ನೇ ನೋಡಿ. ಹಂಡೆಯ ಕಾಲದಲ್ಲಾಗಲಿ ಗೀಸರಿನ ಕಾಲದಲ್ಲಾಗಲಿ, ಕಾಯಿಸಿದ ನೀರು ಮೈಮೇಲೆ ಇರುವುದು ಕೆಲವೇ ಕ್ಷಣ. ತಂಬಿಗೆಯಿಂದ ಸುರಿದ ನೀರು ಬಚ್ಚಲ ಕಿಂಡಿಗೆ ಇಳಿಯುವಾಗಲೂ ಅದರಿಂದ ಆವಿ ಏಳುತ್ತಿರುತ್ತದೆ. ಕಾಸು ಕೊಟ್ಟು ಕಾಯಿಸಿದ ಶಾಖದ ಬಹುಪಾಲು ಅದರೊಡನೆ ಚರಂಡಿಗೆ ಹೋಯಿತು. ಸಾವಿರಾರು ಮನೆಗಳ ಬಚ್ಚಲು, ಬಟ್ಟೆ ಒಗೆಯುವ ಯಂತ್ರ, ಪಾತ್ರೆ ತೊಳೆಯುವ ಯಂತ್ರಗಳ ನೀರು ಕೂಡಿ ಹರಿಯುವ ದೊಡ್ಡ ಒಳಚರಂಡಿ ಕೊರೆಯುವ ಚಳಿಯಲ್ಲೂ ಹತ್ತು ಡಿಗ್ರಿಯ ಮೇಲೆಯೇ ಇರುತ್ತದೆ. ವಾನ್ ಸೇರಿದ ಯಾರ್ಕ್ ಪ್ರದೇಶದ ಬಹುಪಾಲು ಕೊಳಚೆ ನೀರು ಈ ಶಾಖವನ್ನು ಹೊತ್ತು ಪೂರ್ವಕ್ಕೆ ಹರಿದು ಪಿಕರಿಂಗ್‌ನ ಡಫಿನ್ ಕ್ರೀಕ್ ಘಟಕದಲ್ಲಿ ಶುದ್ಧವಾಗಿ ಒಂಟಾರಿಯೊ ಸರೋವರ ಸೇರುತ್ತದೆ. ದಾರಿಯಲ್ಲಿ ಅದನ್ನು ತೆಳ್ಳನೆಯ ಲೋಹದ ಹಾಳೆಗಳ ಒಂದು ಮಗ್ಗುಲಲ್ಲಿ ಹರಿಸಿ, ಇನ್ನೊಂದು ಮಗ್ಗುಲಲ್ಲಿ ಶುದ್ಧ ನೀರು ಹರಿಸಿದರೆ, ಕೊಳೆ ಅಲ್ಲೇ ಉಳಿದು ಶಾಖ ಮಾತ್ರ ಈಚೆ ದಾಟುತ್ತದೆ. ವ್ಯಾಂಕೂವರ್ ನಗರ ಫಾಲ್ಸ್ ಕ್ರೀಕ್ ಬಡಾವಣೆಯಲ್ಲಿ 2010ರಿಂದಲೇ ಇದನ್ನು ಮಾಡುತ್ತಿದೆ. ಟೊರಾಂಟೊ ವೆಸ್ಟರ್ನ್ ಆಸ್ಪತ್ರೆಗೂ ಪಕ್ಕದ ಒಳಚರಂಡಿಯಿಂದ ಶಾಖ ತರುವ ವ್ಯವಸ್ಥೆ ಕಟ್ಟಲಾಗಿದೆ.

ಇಂಥ ಮೂಲಗಳನ್ನು ಕಟ್ಟಡಗಳಿಗೆ ಜೋಡಿಸುವ ನೆಲದಡಿಯ ಪೈಪುಗಳ ಬಲೆಯನ್ನು ಇಲ್ಲಿ ಡಿಸ್ಟ್ರಿಕ್ಟ್ ಎನರ್ಜಿ ಎನ್ನುತ್ತಾರೆ. ನಾನು ಶಾಖಜಾಲ ಎನ್ನುತ್ತೇನೆ. ಅದರ ಗುಣ ಬೇಸಗೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಟೊರಾಂಟೊದಲ್ಲಿ 2004ರಿಂದ ಸರೋವರದ 83 ಮೀಟರ್ ಆಳದ, ನಾಲ್ಕು ಡಿಗ್ರಿಯ ನೀರು ಪೇಟೆಯ ಕಟ್ಟಡಗಳನ್ನು ತಂಪಾಗಿಸುತ್ತಿದೆ. ತನ್ನ ತಂಪನ್ನು ಕೊಟ್ಟ ಮೇಲೆ ಅದೇ ನೀರು ನಲ್ಲಿಗೆ ಹೋಗುತ್ತದೆ. ವಾನ್‌ಗೆ ಸರೋವರದ ದಂಡೆಯಿಲ್ಲ. ಆದರೆ ಇಲ್ಲಿನ ಐಸ್ ರಿಂಕ್‌ಗಳು ವರ್ಷವಿಡೀ ಮಂಜುಗಡ್ಡೆಯಿಂದ ಶಾಖ ಕಿತ್ತು ಹೊರಗೆ ಎಸೆಯುತ್ತವೆ, ಶೀತಲ ಗೋದಾಮುಗಳೂ ಎಸೆಯುತ್ತವೆ. ಅದೇ ಹೊತ್ತಿಗೆ ನೆರೆಯ ಕಟ್ಟಡವೊಂದು ಸ್ನಾನದ ನೀರಿಗೆ ಅನಿಲ ಸುಡುತ್ತಿರುತ್ತದೆ. ಒಂದು ಪೈಪು ಇದ್ದರೆ ಒಬ್ಬರ ಎಸೆತ ಇನ್ನೊಬ್ಬರ ಊಟ. ಉಳಿದ ಶಾಖವನ್ನು ಕೊಳವೆಬಾವಿಗಳ ಮೂಲಕ ನೆಲಕ್ಕೆ ಇಳಿಸಿದರೆ ಬಂಡೆಯೇ ಕೆರೆಯಾಗುತ್ತದೆ: ಬೇಸಗೆಯಲ್ಲಿ ತುಂಬಿ ಚಳಿಗಾಲದಲ್ಲಿ ತೂಬು ತೆರೆಯುವ ಕೆರೆ.

ಈ ಮಾತು ಕನಸಿನದಲ್ಲ ಎನ್ನಲು ನೆರೆಯ ಮಾರ್ಕಂ ಸಾಕ್ಷಿ. 1998ರ ಹಿಮಮಳೆ ಪೂರ್ವ ಕೆನಡಾದ ವಿದ್ಯುತ್ ಕಂಬಗಳನ್ನು ಕೆಡವಿದ ಮೇಲೆ ಮಾರ್ಕಂನ ಆಡಳಿತ ತನ್ನ ಹೊಸ ಪೇಟೆಗೆ ಗಟ್ಟಿಯಾದ ಆಸರೆ ಬೇಕೆಂದು ಯೋಚಿಸಿತು. 2000ದಲ್ಲಿ ನಗರದ ಒಡೆತನದಲ್ಲೇ ಮಾರ್ಕಂ ಡಿಸ್ಟ್ರಿಕ್ಟ್ ಎನರ್ಜಿ ಸಂಸ್ಥೆ ಹುಟ್ಟಿತು. ಅದು ಮೊದಲು ನಂಬಿದ್ದು ಅನಿಲದ ಬಾಯ್ಲರು ಮತ್ತು ಎಂಜಿನ್ನುಗಳನ್ನೇ. ಕಾಲು ಶತಮಾನದ ಬಳಿಕ ಆ ಸಂಸ್ಥೆ ಒಳಚರಂಡಿಯ ಶಾಖದತ್ತ ತಿರುಗಿದೆ. ಕೆನಡಾ ಇನ್‌ಫ್ರಾಸ್ಟ್ರಕ್ಚರ್ ಬ್ಯಾಂಕ್ ಅದಕ್ಕೆ ಸಾಲ ಕೊಟ್ಟಿದೆ. ಒಂದೊಂದು ಕಟ್ಟಡದ ಗೋಡೆ ಒಡೆದು ಯಂತ್ರ ಬದಲಿಸುವ ಪಾಡು ಇಲ್ಲಿಲ್ಲ. ಕೇಂದ್ರದಲ್ಲಿ ಮೂಲ ಬದಲಾದಂತೆ ಅದಕ್ಕೆ ಜೋಡಿಸಿಕೊಂಡವರೆಲ್ಲರ ಇಂಗಾಲವೂ ಒಟ್ಟಿಗೆ ಇಳಿಯುತ್ತದೆ. ಮೂಲ ಬದಲಾದರೂ ಕಾಲುವೆ ಉಳಿಯುತ್ತದೆ. ಕಾಲುವೆ ತೋಡುವುದೇ ಮುಖ್ಯ ಎನ್ನುವುದು ಇದಕ್ಕೆ.

ಕರೆಂಟು ಹೋದರೆ ಚಳಿಯಲ್ಲಿ ಸಾಯಬೇಕೆ ಎಂಬ ಭಯ ಇಲ್ಲಿನವರಿಗೆ ಸಹಜ. 2013ರ ಡಿಸೆಂಬರಿನ ಹಿಮಮಳೆಯಲ್ಲಿ ಈ ಪ್ರದೇಶದ ಲಕ್ಷಾಂತರ ಮನೆಗಳು ದಿನಗಟ್ಟಲೆ ಕತ್ತಲಲ್ಲಿದ್ದವು. ಆದರೆ ಆ ರಾತ್ರಿಗಳಲ್ಲಿ ಅನಿಲದ ಪೈಪು ಬಂದಿದ್ದ ಮನೆಗಳೂ ತಣ್ಣಗಾದವು, ಏಕೆಂದರೆ ಫರ್ನೇಸಿನ ಫ್ಯಾನು ತಿರುಗಲು ಕರೆಂಟೇ ಬೇಕು. ಮನೆಗೊಂದು ಜನರೇಟರ್ ಇಡಲಾಗದು. ಶಾಖಜಾಲದ ಕೇಂದ್ರಕ್ಕೆ ಇಡಬಹುದು, ದೊಡ್ಡ ತೊಟ್ಟಿಗಳಲ್ಲಿ ಬಿಸಿನೀರು ಕೂಡಿಸಿಯೂ ಇಡಬಹುದು. ಎಲ್ಲ ಕಡೆಗೂ ಪೈಪು ಎಳೆಯಿರಿ ಎಂದು ನಾನು ಹೇಳುತ್ತಿಲ್ಲ. ವಾನ್‌ನೊಳಗಿನ ಮೇಪಲ್‌ನ ಅಥವಾ ಕ್ಲೈನ್‌ಬರ್ಗ್‌ನ ಒಂಟಿಮನೆಗಳಿಗೆ ಪೈಪಿನ ಖರ್ಚು ಶಾಖದ ಬೆಲೆಯನ್ನೇ ಮೀರೀತು. ಅವುಗಳಿಗೆ ತಮ್ಮದೇ ಹೀಟ್ ಪಂಪ್ ಸಾಕು. ಜನ ಒತ್ತಾಗಿರುವ ಮೆಟ್ರೊಪಾಲಿಟನ್ ಸೆಂಟರಿನಂಥ ಕಡೆಗೆ ಜಾಲ ಒಪ್ಪುತ್ತದೆ.

ಖರ್ಚಿನ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಅನಿಲ ಅಗ್ಗ; 2025ರ ಏಪ್ರಿಲ್ 1ರಿಂದ ಬಳಕೆದಾರರ ಇಂಗಾಲ ತೆರಿಗೆಯೂ ಇಲ್ಲವಾಗಿ ಇನ್ನಷ್ಟು ಅಗ್ಗವಾಯಿತು. ಪೈಪಿನ ಹಣವನ್ನಾದರೋ ಮೊದಲ ಗಿರಾಕಿ ಬರುವ ಮುಂಚೆಯೇ ಸುರಿಯಬೇಕು. ನಿಜ. ಆದರೆ ಆ ಹಣದ ದೊಡ್ಡ ಪಾಲು ರಸ್ತೆ ಅಗೆಯುವುದಕ್ಕೆ ಮತ್ತು ಮುಚ್ಚುವುದಕ್ಕೆ ಹೋಗುವಂಥದ್ದು. ಹೊಸ ಪೇಟೆಯಲ್ಲಿ ನೀರಿಗೆ, ಒಳಚರಂಡಿಗೆ, ಕೇಬಲ್ಲಿಗೆ ಹೇಗೂ ರಸ್ತೆ ಅಗೆಯುತ್ತಾರೆ; ಅದೇ ಗುಂಡಿಯಲ್ಲಿ ಇನ್ನೆರಡು ಪೈಪು ಮಲಗಿಸುವ ಖರ್ಚು ಬೇರೆ, ಡಾಂಬರು ಹಾಕಿದ ಹತ್ತು ವರ್ಷಕ್ಕೆ ಮತ್ತೆ ಕಿತ್ತು ಹಾಕುವ ಖರ್ಚು ಬೇರೆ. ಬಾಯ್ಲರು ಒಂದು ತಲೆಮಾರು ಬಾಳುತ್ತದೆ, ಪೈಪು ಎರಡು ತಲೆಮಾರು ದಾಟುತ್ತದೆ. ಇಷ್ಟು ದೀರ್ಘಾಯುಷ್ಯದ ವಸ್ತುವನ್ನು ಕೆಲವೇ ವರ್ಷಗಳಲ್ಲಿ ಮನೆ ಮಾರಿ ಹೊರಡುವ ಬಿಲ್ಡರ್ ಕಟ್ಟಬೇಕೆಂದು ಕಾಯುವುದು ತಪ್ಪು. ಅದು ದೀರ್ಘಾವಧಿಯ ಸಾಲ ಎತ್ತಬಲ್ಲ ಸಾರ್ವಜನಿಕ ಸಂಸ್ಥೆಯ ಕೆಲಸ.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಒಡೆತನದ್ದು. ಒಮ್ಮೆ ಜಾಲಕ್ಕೆ ಜೋಡಿಸಿಕೊಂಡ ಮನೆಗೆ ಬೇರೆ ದಾರಿಯಿಲ್ಲ. ಒಂಟಾರಿಯೊದ ಇಂಧನ ಮಂಡಳಿ ವಿದ್ಯುತ್ತಿನ, ಅನಿಲದ ದರವನ್ನು ನಿಯಂತ್ರಿಸುತ್ತದೆ, ಶಾಖಜಾಲದ ದರವನ್ನಲ್ಲ. ಬ್ರಿಟಿಷ್ ಕೊಲಂಬಿಯದಲ್ಲಿ ಅಂಥ ನಿಯಂತ್ರಣವಿದೆ. ನೀರುಗಂಟಿ ಊರಿಗೆ ಉತ್ತರ ಕೊಡಬೇಕಾಗಿದ್ದರಿಂದಲೇ ಕಟ್ಟಕಡೆಯ ಹೊಲಕ್ಕೂ ನೀರು ಮುಟ್ಟುತ್ತಿತ್ತು. ತೂಬಿನ ಬೀಗ ಯಾರದೋ ಖಾಸಗಿ ಜೇಬಿನಲ್ಲಿದ್ದರೆ ಮುಟ್ಟುತ್ತಿರಲಿಲ್ಲ. ಹಾಗೆಂದು ಒಳ್ಳೆಯ ಮನಸ್ಸೊಂದೇ ಸಾಲದು. ಆಲ್ಬರ್ಟದ ಓಕೊಟಾಕ್ಸ್‌ನಲ್ಲಿ 2007ರಲ್ಲಿ 52 ಮನೆಗಳಿಗೆಂದು ಕಟ್ಟಿದ ಡ್ರೇಕ್ ಲ್ಯಾಂಡಿಂಗ್ ಎಂಬ ಜಾಲ ಬೇಸಗೆಯ ಬಿಸಿಲನ್ನು ನೆಲದಲ್ಲಿ ಕೂಡಿಟ್ಟು ಚಳಿಗಾಲ ಕಳೆಯಿತು. ಒಂದು ವರ್ಷವಂತೂ ಕೋಣೆ ಕಾಯಿಸುವುದನ್ನೆಲ್ಲ ಬಿಸಿಲಿನಿಂದಲೇ ತೂಗಿಸಿತು. ಆದರೆ ಭಾಗಗಳು ಸವೆದಾಗ ಬದಲಿ ಸಿಗಲಿಲ್ಲ, 52 ಮನೆಗಳಿಗೆ ದುರಸ್ತಿಯ ಭಾರ ಹೊರಲಾಗಲಿಲ್ಲ, 2024ರಲ್ಲಿ ಅದನ್ನು ಮುಚ್ಚಿದರು. ತತ್ತ್ವ ಸೋಲಲಿಲ್ಲ, ಬಿತ್ತುವಟ್ಟವಿಲ್ಲದ ಕೆರೆಗೆ ಹೂಳು ತುಂಬಿತು. ಆದ್ದರಿಂದ ನನ್ನ ಬೇಡಿಕೆ ಮೂರು: ಜಾಲದ ಒಡೆತನದಲ್ಲಿ ನಗರದ ಪಾಲು, ದರದ ಮೇಲೆ ಸಾರ್ವಜನಿಕ ಕಣ್ಣು, ಮೊದಲ ದಿನದಿಂದಲೇ ದುರಸ್ತಿ ನಿಧಿ.

ಈ ವಿಚಾರ ಕರ್ನಾಟಕಕ್ಕೆ ದೂರದ್ದಲ್ಲ. ಅಲ್ಲಿ ಬೇಕಾದದ್ದು ಶಾಖವಲ್ಲ, ತಂಪು, ಅಷ್ಟೆ. ಭಾರತದ 2019ರ ತಂಪಾಗಿಸುವಿಕೆಯ ಕ್ರಿಯಾಯೋಜನೆ 2037–38ರ ಹೊತ್ತಿಗೆ ದೇಶದ ತಂಪಿನ ಬೇಡಿಕೆ ಸುಮಾರು ಎಂಟು ಪಟ್ಟಾಗುತ್ತದೆ ಎಂದು ಅಂದಾಜಿಸಿದೆ. ಗುಜರಾತಿನ ಗಿಫ್ಟ್ ಸಿಟಿ ಆಗಲೇ ಕೇಂದ್ರದಿಂದ ತಣ್ಣೀರು ಹಂಚುತ್ತಿದೆ. ಬೆಂಗಳೂರಿನ ಹೊಸ ಬಡಾವಣೆಗಳೂ ಈ ಪ್ರಶ್ನೆಯನ್ನು ಎದುರಿಸಲೇಬೇಕು. ಮುಂಚಿತವಾಗಿ ಜಾಲ ಎಳೆಯುವುದು ಆ ನಾಡಿಗೆ ಹೊಸದೂ ಅಲ್ಲ. 1902ರಲ್ಲಿ ಮೈಸೂರು ಸಂಸ್ಥಾನ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ಸುಮಾರು 147 ಕಿಲೊಮೀಟರ್ ತಂತಿ ಎಳೆದಾಗ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪವಿರಲಿಲ್ಲ. ತಂತಿ ಮೊದಲು ಬಂತು. ಮೂರು ವರ್ಷದ ಮೇಲೆ, 1905ರಲ್ಲಿ, ಬೀದಿಗೆ ಬೆಳಕು ಬಂತು. ವಾನ್‌ನಲ್ಲೂ ಪೈಪು ಮೊದಲು ಬರಲಿ. ಜೇನ್ ಸ್ಟ್ರೀಟಿನ ಅಕ್ಕಪಕ್ಕ ಇನ್ನೂ ತಳಪಾಯ ತೋಡುತ್ತಿದ್ದಾರೆ, ರಸ್ತೆ ತೆರೆದಿದೆ. ಆ ಗುಂಡಿ ಮುಚ್ಚುವ ಮುಂಚೆ ಅದರಲ್ಲಿ ಶಾಖದ ಪೈಪು ಮಲಗಬೇಕೆಂದು ನಗರಸಭೆಯನ್ನು ಕೇಳುವ ಹಕ್ಕು ಇಲ್ಲಿ ಮನೆ ಕೊಂಡ, ತೆರಿಗೆ ಕಟ್ಟುವ, ಮಕ್ಕಳನ್ನು ಬೆಳೆಸುವ ಪ್ರತಿಯೊಬ್ಬರಿಗೂ ಇದೆ. ಕೆರೆ ಕಟ್ಟಿದವರ ಮೊಮ್ಮಕ್ಕಳು ಇಲ್ಲಿನ ಕನ್ನಡಿಗರಾದ ನಾವು. ಕೇಳುವುದನ್ನು ನಾವೇ ಮೊದಲು ಮಾಡೋಣ.