ಖಾಲಿ ಉಳಿದ ಜಾಗ ಯಾರದು?

(ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಭಾಷಣ)



 ನಮ್ಮ ಸಂಘಗಳಲ್ಲಿ ಬೇರೆ ಧರ್ಮದ ಅಕ್ಕಂದಿರೂ ಇದ್ದೀರಿ. 

ಬೆಳಿಗ್ಗೆ ಎದ್ದು, ಹುಳುವಿಗೆ ಸೊಪ್ಪು ಹಾಕಿ, ಡೈರಿಗೆ ಹಾಲು ಕೊಟ್ಟು, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಬಸ್ಸು ಹಿಡಿದು ಬಂದಿದ್ದೀರಿ. ಇವತ್ತು ಉಳಿತಾಯ, ಬಡ್ಡಿ, ಲೆಕ್ಕದ ಪುಸ್ತಕ ಸ್ವಲ್ಪ ಪಕ್ಕಕ್ಕಿಟ್ಟು ನಮ್ಮ ವಿಶ್ವಾಸ ಹೇಗೆ ಬೆಳೆಯುತ್ತೆ ಅನ್ನೋದನ್ನ ಯೋಚಿಸೋಣ. ಕೊನೆಗೆ ಇವೆರಡೂ ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತವೆ. ಅದು ಯಾರ ಬಾಗಿಲು ಅನ್ನೋದನ್ನ ಆಮೇಲೆ ಹೇಳ್ತೀವಿ.

ಕೈ ಹಿಡಿದು ನಡೆಸುವವರು

ರೇಷ್ಮೆ ಸಾಕುವ ನಿಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮೊಟ್ಟೆಯಿಂದ ಆಗ ತಾನೇ ಬಂದ ಹುಳುವಿಗೆ ಬಲಿತ ಸೊಪ್ಪು ಹಾಕಿದರೆ ಆಗುತ್ತಾ? ಎಳೆ ಸೊಪ್ಪು ಆರಿಸಿ, ಸಣ್ಣಗೆ ಹೆಚ್ಚಿ ಹಾಕಬೇಕು. ಶಾಖ, ತೇವ ನೋಡಬೇಕು. ಎರಡನೇ ಜ್ವರ ಕಳೆಯೋವರೆಗೂ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಚಾಕಿ ಚೆನ್ನಾಗಿದ್ದರೆ ತಾನೇ ಗೂಡು ಚೆನ್ನಾಗಿ ಬರೋದು?

ವಿಶ್ವಾಸವೂ ಹಾಗೇ. ಅದಕ್ಕೇ ಧರ್ಮಸಭೆ ಜ್ಞಾನಸ್ನಾನದ ದಿನವೇ ಮಗುವಿಗೆ ಜ್ಞಾನತಾಯಿ, ಜ್ಞಾನತಂದೆಯನ್ನು ಕೊಡುತ್ತದೆ. ಮಗುವಿಗೆ ಹೊಸ ಬಟ್ಟೆ ತಂದು, ಊಟ ಮಾಡಿ, ಫೋಟೋ ತೆಗೆಸಿಕೊಂಡು ಹೊರಟರೆ ಜ್ಞಾನತಾಯಿಯ ಕೆಲಸ ಮುಗೀತಾ? ಇಲ್ಲ, ಅಲ್ಲಿಂದ ಶುರುವಾಗುತ್ತದೆ. ಸಂತ ಪೌಲರು ತಿಮೊಥೇಯನಿಗೆ ಬರೆದ ಪತ್ರದಲ್ಲಿ ಅವನ ಅಜ್ಜಿ ಲೋವಿ, ತಾಯಿ ಯೂನಿಕೆ ಇವರನ್ನು ಹೆಸರು ಹಿಡಿದು ನೆನೆಯುತ್ತಾರೆ. ಅವನಲ್ಲಿದ್ದ ವಿಶ್ವಾಸ ಮೊದಲು ನೆಲೆಸಿದ್ದು ಆ ಇಬ್ಬರು ಹೆಂಗಸರಲ್ಲಿ.

ನಮ್ಮ ನಾಡಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. 17ನೇ ಶತಮಾನದ ಮಧ್ಯದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಉಪದೇಶ ಮಾಡಿದರು. ಆದರೆ 1773ರಲ್ಲಿ ಪೋಪರು ಯೇಸುಸಭೆಯನ್ನೇ ವಿಸರ್ಜಿಸಿದರು. ಗುರುಗಳು ಅಪರೂಪವಾದ ಕಾಲದಲ್ಲಿ ದೀಪ ಆರದಂತೆ ನೋಡಿಕೊಂಡವರು ಊರಿನ ಉಪದೇಶಿಗಳು ಮತ್ತು ಸಂಜೆ ಮಕ್ಕಳನ್ನು ಕೂರಿಸಿ ಜಪ ಹೇಳಿಸಿದ ಅಜ್ಜಿಯರು. ಕನಕಪುರ ತಾಲ್ಲೂಕಿನ ಹಾರೋಬೆಲೆಯನ್ನೇ ನೋಡಿ. ಯೇಸುಸ್ವಾಮಿಯ ಪಾಡುಗಳನ್ನು ಊರಿನವರೇ ನಾಟಕವಾಗಿ ಆಡುವ ಪದ್ಧತಿ ಅಲ್ಲಿ ತಲೆತಲಾಂತರದಿಂದ ಬಂದಿದೆ. ಹಿರಿಯರು ಹೇಳಿಕೊಡದಿದ್ದರೆ ಕಿರಿಯರಿಗೆ ಆ ಮಾತು, ಆ ಭಕ್ತಿ ಎಲ್ಲಿಂದ ಬರಬೇಕು?

2022ರ ಮೇ 15ರಂದು ಪೋಪ್ ಫ್ರಾನ್ಸಿಸರು ಸಂತರೆಂದು ಘೋಷಿಸಿದ ದೇವಸಹಾಯಂ ಅವರ ಕಥೆ ಕೇಳಿದ್ದೀರಿ. ಅವರು ಗುರುಗಳಲ್ಲ, ನಮ್ಮ ಹಾಗೆ ಸಂಸಾರಿ. ತಿರುವಾಂಕೂರಿನ ಅರಮನೆಯಲ್ಲಿ ಕೆಲಸದಲ್ಲಿದ್ದರು. ಬೆಳೆ, ದನಕರು ನಷ್ಟವಾಗಿ ನೊಂದಿದ್ದಾಗ ಡಚ್ ಸೇನಾಧಿಕಾರಿ ಡಿ ಲನಾಯ್ ಅವರ ಪಕ್ಕ ಕೂತು, ಎಲ್ಲ ಕಳೆದುಕೊಂಡರೂ ದೇವರನ್ನು ಬಿಡದ ಯೋಬನ ಕಥೆ ಹೇಳಿದರು. ಅಲ್ಲಿಂದ ಅವರ ಬದುಕು ತಿರುಗಿತು. 1745ರಲ್ಲಿ ಜ್ಞಾನಸ್ನಾನ ಪಡೆದರು, 1752ರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟರು. ನೋಡಿ, ಡಿ ಲನಾಯ್ ದೊಡ್ಡ ಪ್ರಸಂಗವೇನೂ ಮಾಡಲಿಲ್ಲ. ಕಷ್ಟದ ದಿನ ಪಕ್ಕದಲ್ಲಿ ಕೂತರು, ಅಷ್ಟೇ.

ಜಪಸರ ಕಲಿಸುವ ಪಾಠ

ಎರಡನೆಯದು ಭಕ್ತಿ. ಆಗಸ್ಟ್ 29ಕ್ಕೆ ಶಿವಾಜಿನಗರದ ಬೆಸಿಲಿಕಾದಲ್ಲಿ ಧ್ವಜ ಏರಿತು ಅಂದರೆ ನಮ್ಮ ಮನಸ್ಸೆಲ್ಲ ಅಲ್ಲೇ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಹಬ್ಬಕ್ಕೆ ಹರಕೆ ಹೊತ್ತು ಹೋಗ್ತೀವಿ, ಮೇಣದ ಬತ್ತಿ ಹಚ್ತೀವಿ. ಒಳ್ಳೆಯದೇ. ಆದರೆ ಹಬ್ಬ ವರ್ಷಕ್ಕೊಮ್ಮೆ, ಹೊಟ್ಟೆ ಹಸಿಯೋದು ದಿನಾ. ಪ್ರಾರ್ಥನೆಯೂ ದಿನಾ ಬೇಕು. ಚನ್ನಪಟ್ಟಣದ ಗೊಂಬೆಯ ಹೊಳಪು ನೋಡಿ. ಮರಕ್ಕೆ ಅರಗು ಹಿಡಿಸಿ, ತಾಳೆಗರಿಯಿಂದ ಉಜ್ಜಿ ಉಜ್ಜಿ ತಂದ ಹೊಳಪು ಅದು. ದಿನದ ಜಪ ನಮ್ಮನ್ನೂ ಹಾಗೆ ಉಜ್ಜುತ್ತದೆ.

2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಜಪಸರಕ್ಕೆ ಬೆಳಕಿನ ರಹಸ್ಯಗಳನ್ನು ಸೇರಿಸಿದರು. ಅದರಲ್ಲಿ ಎರಡನೆಯದು ಕಾನಾ ಊರಿನ ಮದುವೆ. ದ್ರಾಕ್ಷಾರಸ ಮುಗಿದದ್ದನ್ನು ಗಮನಿಸಿ ಮಗನಿಗೆ ಹೇಳಿದವರು ಯಾರು? ಮರಿಯಮ್ಮನವರು. ಮದುವೆ ಮನೆಯವರ ಮರ್ಯಾದೆ ಬೀದಿಗೆ ಬರುವ ಮುಂಚೆಯೇ ಮಗನ ಹತ್ತಿರ ಹೋದರು. ಯಾಕೆ ಸಾಕಾಗಲಿಲ್ಲ, ಯಾರು ಲೆಕ್ಕ ತಪ್ಪಿದರು ಅಂತ ವಿಚಾರಣೆ ಮಾಡಲಿಲ್ಲ. ಅಕ್ಕಂದಿರೇ, ಈ ರಹಸ್ಯವನ್ನು ಎಷ್ಟೋ ಗುರುವಾರ ಧ್ಯಾನಿಸಿದ್ದೀವಿ. ಹಾಗಾದರೆ ಪಕ್ಕದ ಮನೆಯಲ್ಲಿ ಮುಗಿದು ಹೋದದ್ದು ನಮ್ಮ ಕಣ್ಣಿಗೂ ಬೀಳಬೇಕು, ಅಲ್ವಾ?

ಸಂಘದ ಚಾಪೆ

ಈಗ ಆ ಬಾಗಿಲಿನ ಮಾತು. ಆದಿ ಕ್ರೈಸ್ತರು ನಾಲ್ಕನ್ನು ಬಿಡದೆ ನಡೆಸಿದರು ಎಂದು ಪ್ರೇಷಿತರ ಕಾರ್ಯಕಲಾಪಗಳು ತಿಳಿಸುತ್ತದೆ: ಪ್ರೇಷಿತರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಅವರಲ್ಲಿ ಕೊರತೆ ಇದ್ದವರನ್ನು ಉಳಿದವರು ನೋಡಿಕೊಂಡರು.

ನಮ್ಮ ಸಂಘದಲ್ಲಿ ಒಬ್ಬಾಕೆ ವಾರದ ಸಭೆಗೆ ಬರೋದು ನಿಲ್ಲಿಸುತ್ತಾಳೆ. ಮೊದಲು ಮೈ ಸರಿಯಿಲ್ಲ ಅಂತಾಳೆ. ಆಮೇಲೆ ಭಾನುವಾರದ ಬಲಿಪೂಜೆಗೂ ಕಾಣೋದಿಲ್ಲ. ಒಂದು ಕಡೆಯ ಸಾಲ ತೀರಿಸಲು ಇನ್ನೊಂದು ಕಡೆ, ಅದಕ್ಕೆ ಮತ್ತೊಂದು ಕಡೆ ತೆಗೆದಿರುತ್ತಾಳೆ. ಗುಂಪು ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಆಗ ಅಕ್ಕಪಕ್ಕದವರೇ ಸಿಟ್ಟಿನಿಂದ ಅವಳ ಮನೆ ಮುಂದೆ ನಿಲ್ಲುತ್ತಾರೆ. ಅವರ ಸಿಟ್ಟೂ ಸುಳ್ಳಲ್ಲ, ಅವರೂ ಬಡವರೇ. ಆದರೆ ನಾಚಿಕೆಗೆ ಊರು ಬಿಟ್ಟವರು, ಪ್ರಾಣವನ್ನೇ ಕಳೆದುಕೊಂಡವರು ನಮ್ಮ ರಾಜ್ಯದಲ್ಲಿ ಇದ್ದಾರೆ. ಬಲವಂತದ ವಸೂಲಿ ತಡೆಯಲು 2025ರಲ್ಲಿ ಕರ್ನಾಟಕ ಸರ್ಕಾರ ಕಾನೂನನ್ನೇ ತರಬೇಕಾಯಿತು. ಬೆದರಿಸಿ, ಪೀಡಿಸಿ ವಸೂಲಿ ಮಾಡುವವರಿಗೆ ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ.

ಕಾನೂನು ವಸೂಲಿಯವನನ್ನು ತಡೆಯಬಹುದು. ಅವಳ ಪಕ್ಕ ಕೂರುವ ಕೆಲಸ ಕಾನೂನಿನದ್ದಲ್ಲ, ನಮ್ಮದು. ಅವಳ ಬಾಗಿಲಿಗೆ ಹೋದಾಗ ಮೊದಲ ಮಾತು "ದುಡ್ಡು ಯಾವಾಗ ಕೊಡ್ತೀಯಾ?" ಅಂತ ಇರಬಾರದು. "ಊಟ ಆಯ್ತೇನವ್ವಾ? ಮಕ್ಕಳು ಹೆಂಗಿದ್ದಾರೆ?" ಅಂತ ಇರಲಿ. ಸಾಲ ಮರೆತುಬಿಡಿ ಅಂತ ನಾವು ಹೇಳ್ತಿಲ್ಲ. ಸಂಘದ ಹಣ ಎಲ್ಲರ ಬೆವರು. ಅದನ್ನು ತೀರಿಸಲೇಬೇಕು. ಆದರೆ ತೀರಿಸಲು ಅವಳು ಮೊದಲು ಬದುಕಿರಬೇಕು, ತಲೆ ಎತ್ತಿ ಸಭೆಗೆ ಬರುವಂತಿರಬೇಕು.

ಈ ವಾರದಿಂದಲೇ ಏನು ಮಾಡೋಣ?

1. ಪ್ರತಿ ಸಂಘದಲ್ಲಿ ಒಬ್ಬ ಹಿರಿಯಕ್ಕ ಒಬ್ಬ ಕಿರಿಯ ಸದಸ್ಯೆಯ ಜೊತೆಗಾರ್ತಿಯಾಗಲಿ. ವಾರಕ್ಕೊಮ್ಮೆ ಅವಳ ಮನೆಗೆ ಹೋಗಿ ಮಾತಾಡಿಸಲಿ.

2. ಕ್ರೈಸ್ತ ಕುಟುಂಬಗಳಲ್ಲಿ ಸಂಜೆ ಜಪಸರದ ಒಂದು ಹತ್ತು ಮಣಿಯಾದರೂ ಎಲ್ಲರೂ ಕೂಡಿ ಹೇಳೋಣ. ಆಗ ಟಿವಿ, ಮೊಬೈಲು ಬಂದ್.

3. ಸತತ ಎರಡು ಸಭೆಗೆ ಬಾರದವಳ ಮನೆಗೆ ಇಬ್ಬರು ಹೋಗಲಿ. ಗುಟ್ಟು ಗುಟ್ಟಾಗಿಯೇ ಇರಲಿ. ಅವಳು ಒಪ್ಪಿದರೆ ಎಲ್ಲಿ ಎಷ್ಟು ಸಾಲ, ಬಡ್ಡಿ ಎಷ್ಟು ಅಂತ ಜೊತೆಗೆ ಕೂತು ಬರೆಯಲಿ. ಕಂತಿಗೆ ಕಾಲಾವಕಾಶ ಕೇಳಲು ಜೊತೆಗೆ ಹೋಗಲಿ. ಬೆದರಿಕೆ ಇದ್ದರೆ ಪೊಲೀಸ್ ಠಾಣೆಗೂ ಜೊತೆಗೆ ಹೋಗಲಿ.

4. ಬೇರೆ ಧರ್ಮದ ಅಕ್ಕಂದಿರಿಗೂ ಇದೇ ಪ್ರೀತಿ ಸಲ್ಲಲಿ. ಪ್ರಾರ್ಥನೆಗೆ ಬಂದರೆ ಮಾತ್ರ ಸಾಲ, ಸಹಾಯ ಅನ್ನುವ ಮಾತು ನಮ್ಮಲ್ಲಿ ಯಾವತ್ತೂ ಬರಕೂಡದು. ಯೇಸುಸ್ವಾಮಿಯ ಪ್ರೀತಿಗೆ ಷರತ್ತಿಲ್ಲ.

ಮುಂದಿನ ಸಭೆಯಲ್ಲಿ ಹಾಜರಾತಿ ಕರೆಯುವಾಗ ಬಂದವರ ಲೆಕ್ಕ ಮಾತ್ರ ಬರೆದು ಪುಸ್ತಕ ಮುಚ್ಚಬೇಡಿ. ಚಾಪೆಯ ಮೇಲೆ ಖಾಲಿ ಉಳಿದ ಜಾಗ ಯಾರದು ಅಂತ ಕೇಳಿ.

ಪ್ರಾರ್ಥಿಸೋಣ: ಕರುಣಾಮಯಿ ತಂದೆಯೇ, ನಮ್ಮನ್ನು ಕೈ ಹಿಡಿದು ನಡೆಸಿದ ಹಿರಿಯರಿಗಾಗಿ ನಿಮಗೆ ವಂದನೆ. ಮಾತೆ ಮರಿಯಮ್ಮನವರ ಹಾಗೆ ಕೊರತೆ ಕಾಣುವ ಕಣ್ಣನ್ನೂ ಬಾಗಿಲು ತಟ್ಟುವ ಕೈಯನ್ನೂ ನಮಗೆ ಕೊಡಿ. ನಮ್ಮ ಪ್ರಭು ಕ್ರಿಸ್ತರ ಮೂಲಕ ಬೇಡುತ್ತೇವೆ. ಆಮೆನ್.