ಮನೆಯ ಮಾತು ಗ್ರಾಮಸಭೆಯಲ್ಲಿ ಆಗಲಿ
(ಹರದನಹಳ್ಳಿಯಲ್ಲಿ ನೀಡಿದ ಭಾಷಣ)



ಬಡವರ ಮನೆಗೆ ಸರ್ಕಾರ ಹಣ ಕೊಡಬೇಕೇ? ಈ ಪ್ರಶ್ನೆಗೆ ನಮ್ಮ ಹಳ್ಳಿಗಳಲ್ಲಿ ಬೇಡ ಎನ್ನುವವರು ಕಡಿಮೆ. ಯಾರಿಗೆ, ಎಷ್ಟು, ಯಾವಾಗ ಎಂಬಲ್ಲೇ ಭಿನ್ನಾಭಿಪ್ರಾಯ.

ಇದೇ ಊರಿನಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು ಪ್ರಧಾನಿಯಾದ 1996ರಲ್ಲೇ ಇಂದಿರಾ ಆವಾಸ್ ಪ್ರತ್ಯೇಕ ಯೋಜನೆಯಾಯಿತು. 2016ರಲ್ಲಿ ಅದರ ಜಾಗಕ್ಕೆ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಂತು. ಬಯಲು ಪ್ರದೇಶದ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ ಎಂದು ಗೊತ್ತಾಯಿತು. 2024ರಲ್ಲಿ ಯೋಜನೆಯನ್ನು 2029ರವರೆಗೆ ಮುಂದುವರಿಸಿದಾಗಲೂ ಮೊತ್ತ ಅಷ್ಟೇ ಉಳಿಯಿತು. ಈ ಅವಧಿಯಲ್ಲಿ ಸಿಮೆಂಟು, ಕಬ್ಬಿಣ, ಮರಳು, ಗಾರೆ ಕೆಲಸದವರ ಕೂಲಿ ಏನಾಗಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಎಂದು ಹಂತಹಂತವಾಗಿ ಹಣ ಬರುತ್ತದೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸುತ್ತಿರುವ ಒಬ್ಬ ತಾಯಿ ನನ್ನನ್ನು ಕೇಳಿದರು: "ತಳಪಾಯ ಹಾಕಿದ ಮೇಲೆ ಕಂತು ಅಂತಾರೆ. ತಳಪಾಯ ಹಾಕೋಕೆ ದುಡ್ಡು ಇದ್ದಿದ್ರೆ ನಾನ್ಯಾಕೆ ಅರ್ಜಿ ಹಾಕ್ತಿದ್ದೆ?" ನನ್ನಲ್ಲಿ ಉತ್ತರವಿರಲಿಲ್ಲ. ಆಕೆ ಸಾಲ ಮಾಡಿ ತಳಪಾಯ ಹಾಕಿಸಿದರು. ಮಳೆಗಾಲದಲ್ಲಿ ಮಕ್ಕಳ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತಾರೆ.

2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ 15ಕ್ಕೆ ಏರಿಸಲು ತೀರ್ಮಾನಿಸಿತು. ಪರ ವಿರೋಧ ಚರ್ಚೆ ಜೋರಾಗಿಯೇ ನಡೆಯಿತು. ಪ್ರಜಾಪ್ರಭುತ್ವದಲ್ಲಿ ಅದು ಸಹಜ. ಆದರೆ ಗೋಡೆ ಅರ್ಧಕ್ಕೆ ನಿಂತರೆ ಯಾವ ಜಾತಿಯವರ ಮನೆಯೂ ಮನೆಯಲ್ಲ. ಆದ್ದರಿಂದ ಪಾಲಿನ ಜೊತೆಗೆ ಮೊತ್ತ ಮತ್ತು ಮೊದಲ ಕಂತಿನ ಬಗ್ಗೆಯೂ ಎಲ್ಲ ಬಡವರು ಒಟ್ಟಾಗಿ ಕೇಳಬೇಕು.

ಎಲ್ಲಿ ಕೇಳಬೇಕು? 1993ರ ಪಂಚಾಯತ್ ರಾಜ್ ಕಾಯಿದೆ ಫಲಾನುಭವಿಗಳ ಆಯ್ಕೆಯಲ್ಲಿ ಗ್ರಾಮಸಭೆಗೆ ಅಧಿಕಾರ ಕೊಟ್ಟಿದೆ. ನಾವು ಹೋಟೆಲ್ ಮುಂದೆ ಗಂಟೆಗಟ್ಟಲೆ ಮಾತನಾಡುತ್ತೇವೆ, ಗ್ರಾಮಸಭೆಯ ದಿನ ಕೆಲಸವಿದೆ ಎನ್ನುತ್ತೇವೆ. ನಮ್ಮ ಹೆಣ್ಣುಮಕ್ಕಳಂತೂ ಹೋಗುವುದೇ ಅಪರೂಪ. ಹೋಗದವರ ಅಭಿಪ್ರಾಯ ನಡಾವಳಿ ಪುಸ್ತಕದಲ್ಲಿ ದಾಖಲಾಗುವುದಿಲ್ಲ.

ವಿದ್ಯಾವಂತ ಯುವಕ ಯುವತಿಯರಲ್ಲಿ ನನ್ನ ವಿನಂತಿ ಇಷ್ಟೆ. ಮುಂದಿನ ಗ್ರಾಮಸಭೆಗೆ ನಿಮ್ಮ ತಾಯಂದಿರನ್ನು ಕರೆದುಕೊಂಡು ಹೋಗಿ. ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ. ಬಿಟ್ಟುಹೋದ ಅರ್ಹರ ಹೆಸರನ್ನು, ಅವರು ಯಾರೇ ಆಗಿರಲಿ, ಬರೆಸಿ. ಓದಿದ್ದಕ್ಕೆ ಅದು ಸಾರ್ಥಕ.